ಮಗು ತಾನಾಗಿಯೇ ಬರಬೇಕು

ಆ ಶಾಲೆಯ ಕೋಣೆಗಳಿಗೆ ಮೂಲೆಗಳಿರಲಿಲ್ಲ. ಮಗುವನ್ನು ಮೂಲೆಯಲ್ಲಿ ನಿಲ್ಲಿಸುವ ಯೋಚನೆ ಯಾರಿಗೂ ಬರಬಾರದೆಂದು, ಕಡಲಾಚೆಯ ಯಾವುದೋ ಊರಿನಲ್ಲಿ ಕೂತು ನಕ್ಷೆ ಬರೆದವರು ಗೋಡೆಗಳನ್ನೆಲ್ಲ ದುಂಡಗೆ ಬಾಗಿಸಿದ್ದರು. ಕಿಟಕಿಗಳು ನನ್ನ ಮೊಣಕಾಲಿನ ಮಟ್ಟದಿಂದಲೇ ಶುರುವಾಗುತ್ತಿದ್ದವು. ಚಾಪೆಯ ಮೇಲೆ ಕೂತ ಮಗುವಿಗೂ ಹೊರಗಿನ ಲೋಕ ಕಾಣಬೇಕು ಎನ್ನುವುದು ಅವರ ಆಸೆ. ರಾಮನಗರದ ಆ ಬೀದಿಯಲ್ಲಿ ಹೊರಗಿನ ಲೋಕವೆಂದರೆ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳು. ನಮ್ಮ ಶಾಲೆಗೆ ಬರುತ್ತಿದ್ದವರೆಲ್ಲ ಆ ಶೆಡ್ಡುಗಳಲ್ಲಿ ದುಡಿಯುವವರ ಮಕ್ಕಳು, ಎಷ್ಟೋ ಮಂದಿ ತಾವೇ ದುಡಿದು ಬಿಟ್ಟುಬಂದವರು. ಹಾಗಾಗಿ ಕೂತಲ್ಲಿಂದ ಅವರಿಗೆ ಕಾಣುತ್ತಿದ್ದುದು ತಾವು ಬಿಟ್ಟುಬಂದ ಬಾಗಿಲುಗಳೇ. ಒಳಗಿನಿಂದ ಹೊಗೆ, ಆವಿ, ಬೆಂದ ಹುಳುವಿನ ಕಮಟು ವಾಸನೆ.

ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲ. ನನಗೆ ಇಪ್ಪತ್ತೆರಡು. ಕನಕಪುರದಲ್ಲಿ ಟಿ.ಸಿ.ಎಚ್. ಮುಗಿಸಿ, ಸರ್ಕಾರಿ ನೇಮಕದ ಕಾಗದ ಎದುರು ನೋಡುತ್ತ ಮನೆಯಲ್ಲಿ ರಾಗಿ ಕೇರಿಕೊಂಡಿದ್ದೆ. ವಿದೇಶದವರು ರಾಮನಗರದಲ್ಲಿ ಬಡಮಕ್ಕಳಿಗೆ ಶಾಲೆ ತೆಗೆದಿದ್ದಾರೆ, ಒಸಿ ಇಂಗ್ಲಿಷ್ ಬಲ್ಲ ಟೀಚರ್ ಬೇಕಂತೆ ಎಂದು ಅಪ್ಪನ ಸ್ನೇಹಿತರೊಬ್ಬರು ಸುದ್ದಿ ತಂದರು. ನಾನು ಹೋದೆ. ಶಾಲೆಯ ಯೋಜನೆ ಮಾಡಿದ ವಿದೇಶಿ ಮೇಡಂ ಅಲ್ಲಿದ್ದರು. ಎತ್ತರದ ಮೈಕಟ್ಟು, ನರೆತ ಗಿಡ್ಡ ಕೂದಲು, ಕಾಲಿಗೆ ಹವಾಯಿ ಚಪ್ಪಲಿ. ಅವರು ಒಂದೇ ಪ್ರಶ್ನೆ ಕೇಳಿದರು: "ನೀನು ಯಾವತ್ತಾದರೂ ಮಗುವಿಗೆ ಹೊಡೆದಿದ್ದೀಯ?" ನನ್ನ ತಮ್ಮನಿಗೆ ಬೇಕಾದಷ್ಟು ಹೊಡೆದಿದ್ದೆ. "ಇಲ್ಲ" ಎಂದೆ. ಕೆಲಸ ಸಿಕ್ಕಿತು.

ಈಗ ಆ ಶಾಲೆಯ ಮಾತು ಬಂದಾಗ ನಗುವವರು ಉಂಟು. ನಾನು ನಗಲಾರೆ. ನಾನು ಓದಿದ ಶಾಲೆಯಲ್ಲಿ ಮೇಷ್ಟರು ಹುಣಸೆ ಬರಲನ್ನು ನಮ್ಮಿಂದಲೇ ಕೀಳಿಸಿ ತರಿಸಿ ನಮಗೇ ಹೊಡೆಯುತ್ತಿದ್ದರು. ಇಲ್ಲಿ ದನಿ ಎತ್ತುವಂತೆಯೇ ಇರಲಿಲ್ಲ. ಮೊದಲ ಮೂರು ವಾರ ನಮಗೆ ಕಲಿಸಿದ್ದು ಚಾಪೆ ಸುತ್ತುವುದನ್ನು, ಸದ್ದಿಲ್ಲದೆ ನಡೆಯುವುದನ್ನು, ಮಗುವಿನ ಕಣ್ಣಿಗಿಂತ ಕೆಳಗೆ ಕೂತು ಮಾತಾಡುವುದನ್ನು. ಮಗು ಇಷ್ಟಪಟ್ಟ ಸಾಮಾನು ಎತ್ತಿಕೊಂಡು ತನ್ನ ಚಾಪೆಯ ಮೇಲೆ ಇಟ್ಟುಕೊಂಡು ತಾನೇ ಕಲಿಯುತ್ತದೆ. ಟೀಚರ್ ದೂರದಲ್ಲಿ ಕೂತು ಗಮನಿಸಿ ಪುಸ್ತಕದಲ್ಲಿ ಬರೆಯಬೇಕು. ಅಷ್ಟೆ.

ಇದಕ್ಕೆಲ್ಲ ಒಂದು ಕೈಪಿಡಿ ಇತ್ತು, ಇಟ್ಟಿಗೆಯಷ್ಟು ದಪ್ಪ. ಬೆಂಗಳೂರಿನಲ್ಲಿ ಯಾರಿಂದಲೋ ಕನ್ನಡ ಮಾಡಿಸಿದ್ದರು. ಆ ಕನ್ನಡವನ್ನು ಯಾರೂ ಎಲ್ಲಿಯೂ ಆಡುವುದಿಲ್ಲ. ಅದರ ಒಂದು ಸಾಲು ನನಗೆ ಈಗಲೂ ಬಾಯಿಪಾಠ: "ಮಗುವು ತಾನಾಗಿಯೇ ಬರತಕ್ಕದ್ದು. ಗೈರುಹಾಜರಾದ ಮಗುವನ್ನು ಕರೆತರಲು ಶಿಕ್ಷಕಿಯು ಅದರ ಮನೆಗೆ ತೆರಳಕೂಡದು." ಮನೆಗೆ ಹೋಗಿ ಎಳೆದು ತಂದರೆ ಮಗು ಶಾಲೆಗೆ ಹೆದರುತ್ತದೆ, ಪ್ರೀತಿಯಿಂದ ಬಂದ ಮಗುವೇ ನಿಲ್ಲುತ್ತದೆ ಎಂದು ಮೇಡಂ ವಿವರಿಸಿದರು. ಅವರ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ.

ಕಲಿಕೆಯ ಸಾಮಾನುಗಳನ್ನು ಮಾಡಿಸಲು ಚನ್ನಪಟ್ಟಣಕ್ಕೆ ಹೋಗುತ್ತಿದ್ದವಳು ನಾನೇ. ಗೊಂಬೆ ಕಡೆಯುವ ಸಾಬರೊಬ್ಬರ ಮನೆಯಂಗಳದಲ್ಲಿ ಕೂತು ಮೇಡಂ ಕಳಿಸಿದ ನಕ್ಷೆಗಳನ್ನು ಬಿಚ್ಚಿ ತೋರಿಸುತ್ತಿದ್ದೆ. ಹಾಲೆಮರದ ಉರುಳೆ, ಗುಂಡು, ಕಡ್ಡಿಗಳು. ಒಂದಕ್ಕೂ ಅರಗಿನ ಬಣ್ಣ ಬೇಡವೆಂದು ಬರೆದಿತ್ತು.

"ಬಣ್ಣ ಇಲ್ದೇ ಮಕ್ಳಿಗೆ ಸಾಮಾನಾ?" ಎಂದರು ಸಾಬರು, ಕನ್ನಡಕ ಹಣೆಗೇರಿಸಿ. "ಅಮ್ಮಾ, ನಿಮ್ ಮೇಡಮ್ಮೋರು ಮಕ್ಳನ್ನ ನೋಡವ್ರಾ ಇಲ್ವಾ?"

"ಬಣ್ಣ ಇದ್ದರೆ ಮಗುವಿನ ಗಮನ ಆ ಕಡೆ ಹೋಗುತ್ತದಂತೆ."

"ಹೋಗ್ಲಿ ಬಿಡಿ, ಅದ್ಕೇ ಅಲ್ವಾ ಕಣ್ಣು ಕೊಟ್ಟಿರೋದು?" ಎಂದು ನಕ್ಕು, ಹೇಳಿದಂತೆಯೇ ಬಿಳಿಚಿಕೊಂಡ ಸಾಮಾನು ಕಡೆದುಕೊಟ್ಟರು. ನಾನು ಬಸ್ಸಿನಲ್ಲಿ ಗೋಣಿಚೀಲ ತೊಡೆಯ ಮೇಲಿಟ್ಟುಕೊಂಡು, ಎಂಥ ದೊಡ್ಡ ಕೆಲಸದಲ್ಲಿದ್ದೇನೆ ಎಂದುಕೊಳ್ಳುತ್ತ ವಾಪಸಾಗುತ್ತಿದ್ದೆ.

ಎರಡನೆಯ ವರ್ಷ ಶಾಲೆಗೆ ಒಬ್ಬ ಹುಡುಗಿ ಬಂದಳು. ಒಂಬತ್ತು ವರ್ಷವಿರಬೇಕು, ಅವಳ ತಾಯಿಗೂ ಖಚಿತವಿರಲಿಲ್ಲ. ತಂದೆ ಇರಲಿಲ್ಲ. ತಾಯಿ ಎದುರು ಸಾಲಿನ ಶೆಡ್ಡೊಂದರಲ್ಲಿ ನೂಲು ಬಿಚ್ಚುತ್ತಿದ್ದಳು. ಮಗಳು ಎರಡು ವರ್ಷ ಅಲ್ಲೇ ಅವಳ ಪಕ್ಕ ನಿಂತು, ಕುದಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆ ಹುಡುಕಿ ಕೊಡುತ್ತಿದ್ದಳಂತೆ. ಅವಳು ಒಳಗೆ ಬಂದರೆ ಆ ವಾಸನೆ ಅವಳಿಗಿಂತ ಒಂದು ಹೆಜ್ಜೆ ಮುಂಚೆ ಬರುತ್ತಿತ್ತು. ಲಂಗ ಒಗೆದು ಬಂದರೂ ಬರುತ್ತಿತ್ತು. ಕಿಟಕಿಯ ಪಕ್ಕದ ಚಾಪೆ ಅವಳದಾಯಿತು. ಮಾತು ಕಡಿಮೆ. ನಕ್ಕರೆ ಮಾತ್ರ ಇಡೀ ಮುಖ ನಗುತ್ತಿತ್ತು.

ನಮ್ಮಲ್ಲಿ ಅಕ್ಷರ ಕಲಿಸುತ್ತಿದ್ದುದು ಸ್ಪರ್ಶದಿಂದ. ಮರದ ಹಲಗೆಯ ಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಮಗು ಕಣ್ಣು ಮುಚ್ಚಿ ತೋರುಬೆರಳಿನಿಂದ ಅದರ ಮೇಲೆ ಹೋಗಬೇಕು. ಬೆರಳು ಅಕ್ಷರವನ್ನು ಕಲಿತರೆ ಕೈ ಅದನ್ನು ಬರೆಯುತ್ತದೆ. ಉಳಿದ ಮಕ್ಕಳು ವಾರದಲ್ಲಿ ನಾಲ್ಕೈದು ಅಕ್ಷರ ಹಿಡಿದರೆ ಇವಳು ಒಂದೇ ಹಲಗೆಯ ಮೇಲೆ ದಿನಗಟ್ಟಲೆ ಬೆರಳಾಡಿಸುತ್ತಿದ್ದಳು. ಕಣ್ಣು ಮುಚ್ಚಿದರೆ ಬೆರಳು ಅಕ್ಷರ ಬಿಟ್ಟು ಬರೀ ಮರದ ಮೇಲೆ ಹೋಗಿಬಿಡುತ್ತಿತ್ತು. 'ಆಸಕ್ತಿ ಸಾಲದು' ಎಂದು ನಾನು ಪುಸ್ತಕದಲ್ಲಿ ಬರೆದೆ. ಮರುವಾರವೂ ಅದನ್ನೇ ಬರೆದೆ.

ಒಂದು ಬೆಳಿಗ್ಗೆ ಅವಳ ಕೈ ನನ್ನ ಕೈಗೆ ತಗುಲಿತು. ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ನೀರಿನಲ್ಲಿ ನೆನೆದ ಕಾಗದದಂತಿದ್ದವು. ಗೆರೆಗಳೇ ಇರಲಿಲ್ಲ.

"ಇದು ಒರಟಾಗಿದೆಯೋ ನುಣ್ಣಗಿದೆಯೋ?" ಎಂದು ಉಪ್ಪುಕಾಗದದ ಮೇಲೆ ಅವಳ ಬೆರಳಿಟ್ಟು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಸರಿಯಾದ ಉತ್ತರ ನನ್ನ ಮುಖದಲ್ಲಿ ಸಿಗುತ್ತದೆಯೇ ಎಂದು ಹುಡುಕಿದಳು. ಆಮೇಲೆ ಪಿಸುಗುಟ್ಟಿದಳು: "ಬೆರಳಿಗೆ ಗೊತ್ತಾಗಕಿಲ್ಲ ಮಿಸ್. ನೀರ್ನಾಗೆ ಬೆಂದೋಗೈತೆ."

ಅವಳು ಹಲಗೆಯನ್ನೆತ್ತಿ, ಕಣ್ಣು ಮುಚ್ಚಿ, ಕೆನ್ನೆಗೆ ಒತ್ತಿಕೊಂಡು ಮೆಲ್ಲಗೆ ತಿರುಗಿಸಿದಳು. "ಇಲ್ಲಿ ಗೊತ್ತಾಯ್ತದೆ," ಎಂದಳು. ಅದು 'ಅ'. ಅಂದಿನಿಂದ ಅವಳು ಕೆನ್ನೆಯಿಂದ ಕಲಿತಳು. ದೀಪಾವಳಿಯ ಹೊತ್ತಿಗೆ ಒತ್ತಕ್ಷರದವರೆಗೆ ಬಂದಿದ್ದಳು. ಬಲಗೆನ್ನೆ ಯಾವಾಗಲೂ ಕೆಂಪಗೆ ತರಚಿರುತ್ತಿತ್ತು.

ಮೇಡಂ ವರ್ಷಕ್ಕೆರಡು ಸಲ ಬರುತ್ತಿದ್ದರು. ಆ ಸಲ ಬಂದವರು ಈ ಹುಡುಗಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ನೀರು. ಅದು ನಟನೆಯಲ್ಲ, ನಾನು ಪಕ್ಕದಲ್ಲೇ ಇದ್ದೆ. ಕ್ಯಾಮೆರಾ ತೆಗೆದು ಹಲಗೆಯನ್ನು ಕೆನ್ನೆಗೊತ್ತಿದ ಹುಡುಗಿಯ ಫೋಟೋ ಹಿಡಿದರು. ಆಮೇಲೆ ಅವಳ ಎದುರು ನೆಲದ ಮೇಲೆ ಕೂತರು. ನಾನು ನಡುವೆ ಕೂತು ಅವರ ಇಂಗ್ಲಿಷನ್ನು ಕನ್ನಡ ಮಾಡುತ್ತ, ಇವಳ ಕನ್ನಡವನ್ನು ಇಂಗ್ಲಿಷ್ ಮಾಡುತ್ತ ಹೋದೆ. ಎಷ್ಟು ಹೊತ್ತಿಗೆ ಎದ್ದು ಹೋಗುತ್ತಿದ್ದಿ, ನೀರು ಎಷ್ಟು ಬಿಸಿ ಇರುತ್ತಿತ್ತು, ಕೈ ಸುಟ್ಟಾಗ ಏನು ಮಾಡುತ್ತಿದ್ದಿ. ಹುಡುಗಿ ಒಂದೊಂದಕ್ಕೂ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು.

"ಯಾವ ಶೆಡ್ಡು?" ಎಂದು ಮೇಡಂ ಕೇಳಿದರು.

ನಾನು ಕನ್ನಡದಲ್ಲಿ ಕೇಳುವ ಮೊದಲೇ ಹುಡುಗಿಗೆ ಅರ್ಥವಾಗಿತ್ತು. ಶೆಡ್ ಎನ್ನುವ ಮಾತು ಅವಳಿಗೂ ಗೊತ್ತಿದ್ದ ಮಾತು. ನನ್ನ ಸೆರಗಿನ ತುದಿ ಹಿಡಿದುಕೊಂಡಳು. "ಯೆಸ್ರು ಯೋಳ್ಬ್ಯಾಡಿ ಮಿಸ್. ಅವ್ವ ಇನ್ನೂ ಅಲ್ಲೇ ಕೆಲ್ಸ ಮಾಡ್ತಾವ್ಳೆ."

"ಏನು ಹೇಳಿದಳು?" ಎಂದರು ಮೇಡಂ.

ನಾನು ಹೇಳಿಬಿಟ್ಟೆ. ಹುಡುಗಿ ಬೇಡ ಎಂದದ್ದನ್ನಲ್ಲ; ಶೆಡ್ಡಿನ ಹೆಸರನ್ನು, ಬೀದಿಯನ್ನು. ಮೇಡಂ ಒಳ್ಳೆಯದಕ್ಕೇ ಕೇಳುತ್ತಿದ್ದಾರೆ ಎಂದುಕೊಂಡೆ. ಅದು ನಿಜ. ಆದರೆ ಪೂರಾ ನಿಜವಲ್ಲ. ಅವರು ನನ್ನ ಇಂಗ್ಲಿಷನ್ನು ಮೆಚ್ಚಿ ತಲೆಯಾಡಿಸುತ್ತಿದ್ದರು, ನನಗೆ ಆ ಮೆಚ್ಚುಗೆ ಇನ್ನೊಂದಿಷ್ಟು ಬೇಕಿತ್ತು. ಮೇಡಂ ಬರೆದುಕೊಂಡರು. ಹುಡುಗಿ ಸೆರಗು ಬಿಟ್ಟಳು.

ನಾಲ್ಕೈದು ತಿಂಗಳಿಗೆ ವಿದೇಶದಿಂದ ಹೊಳೆಯುವ ಕಾಗದದ ಕಿರುಹೊತ್ತಿಗೆಗಳ ಕಟ್ಟು ಬಂತು. ಮುಖಪುಟದ ಮೇಲೆ ಅವಳು, ಕಣ್ಣು ಮುಚ್ಚಿ, ಕೆನ್ನೆಗೆ ಅಕ್ಷರ. ಒಳಗೆ ಅವಳ ಕಥೆ, ಶೆಡ್ಡಿನ ಹೆಸರು, ಬೀದಿ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಒಂದು ಮಧ್ಯಾಹ್ನ ನಮ್ಮ ತಗ್ಗಿನ ಕಿಟಕಿಗಳ ಎದುರೇ ಸರ್ಕಾರಿ ಜೀಪು ಬಂದು ನಿಂತಿತು. ದುಡಿಯುವ ಮಕ್ಕಳನ್ನು ಹುಡುಕಲು ಅಧಿಕಾರಿಗಳು ಆ ಶೆಡ್ಡಿನೊಳಗೆ ಹೋದರು. ಹಿಂಬಾಗಿಲಿನಿಂದ ಮಕ್ಕಳು ಓಡಿದವು. ನಮ್ಮ ಮಕ್ಕಳೆಲ್ಲ ಚಾಪೆ ಬಿಟ್ಟೆದ್ದು ಕಿಟಕಿಗೆ ಬಂದು ನೋಡಿದರು. ಅವಳೊಬ್ಬಳು ಏಳಲಿಲ್ಲ.

ಸಂಜೆಗೆ ಯಜಮಾನ ಅವಳ ತಾಯಿಯನ್ನು ಕೆಲಸದಿಂದ ತೆಗೆದ. ಬೀದಿಯ ಬೇರೆ ಶೆಡ್ಡುಗಳೂ ಅವಳನ್ನು ಸೇರಿಸಿಕೊಳ್ಳಲಿಲ್ಲ.

ಮರುದಿನ ಹುಡುಗಿ ಬಂದಳು. ಸಾಮಾನು ಮುಟ್ಟಲಿಲ್ಲ, ಬರಿಯ ಚಾಪೆಯ ಮೇಲೆ ಕೂತಿದ್ದಳು. ಊಟದ ಹೊತ್ತಿಗೆ ಎದ್ದು ನನ್ನ ಬಳಿ ಬಂದು ನಿಂತಳು. ನಾನು ಗಮನಿಕೆಯ ಪುಸ್ತಕ ಬರೆಯುತ್ತಿದ್ದೆ. ಮಗು ತಾನಾಗಿ ಮಾತಾಡುವ ತನಕ ಶಿಕ್ಷಕಿ ಕೇಳಬಾರದು; ಅದೂ ಕೈಪಿಡಿಯಲ್ಲಿತ್ತು. ನಿಯಮಕ್ಕಿಂತ ಹೆಚ್ಚಾಗಿ ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ತಲೆ ತಗ್ಗಿಸಿ ಬರೆಯುತ್ತಲೇ ಇದ್ದೆ. ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಒಂದು ಪಾದದ ಬೆರಳು ಇನ್ನೊಂದನ್ನು ಉಜ್ಜುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಪಾದಗಳು ತಿರುಗಿ ಹೋದವು.

ಅದರ ಮರುದಿನ ಅವಳು ಬರಲಿಲ್ಲ. ಅದರಾಚೆಯ ದಿನವೂ ಇಲ್ಲ.

ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸನ್ನು ಮಕ್ಕಳೆಲ್ಲ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮೂರನೆಯ ದಿನ ಖಾಲಾ ಕೈ ಒರೆಸಿಕೊಳ್ಳುತ್ತ ಬಂದು, "ಎರಡು ಗಲ್ಲಿ ಆಚೆ ಮನೆ. ಹೋಗಿ ಒಂದ್ಸಲ ನೋಡ್ಕೊಂಡು ಬಾರಮ್ಮ," ಎಂದಳು.

"ಹಾಗೆ ಹೋಗಬಾರದು ಖಾಲಾ. ನಿಯಮ ಇದೆ."

"ಯಾರು ಮಾಡಿದ ನಿಯಮ?"

"ಮೇಡಂ."

"ಮೇಡಂ ಮಕ್ಳು ಮನೇಲಿ ಕೂತ್ರೆ ಹೊಟ್ಟೆ ತುಂಬ್ಕೊಂಡು ಕೂತಿರ್ತಾವೆ," ಎಂದು ಗೊಣಗುತ್ತ ಖಾಲಾ ಒಳಗೆ ಹೋದಳು.

ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಹೋಗಲಿಲ್ಲ. ಹೋದರೆ ಆ ತಾಯಿಯ ಎದುರು ನಿಲ್ಲಬೇಕು. ನಿಯಮ ನನಗೆ ಅಡಗಿಕೊಳ್ಳಲು ಒಳ್ಳೆಯ ಜಾಗವಾಯಿತು. ದಿನವೂ ಬೆಳಿಗ್ಗೆ ಕನಕಪುರದ ಬಸ್ಸಿಳಿದು, ಅವಳ ಗಲ್ಲಿಯ ಬಾಯಿಯನ್ನು ದಾಟಿಯೇ ಶಾಲೆಗೆ ನಡೆಯುತ್ತಿದ್ದೆ. ತಿರುಗಿ ನೋಡುತ್ತಿರಲಿಲ್ಲ. ಇಂದು ತಾನಾಗಿಯೇ ಬಂದಿರುತ್ತಾಳೆ ಎಂದುಕೊಳ್ಳುತ್ತಿದ್ದೆ.

ಬಾರದ ಮಗುವಿನ ಚಾಪೆಯನ್ನು ಬೇರೆಯವರಿಗೆ ಕೊಡುವಂತಿರಲಿಲ್ಲ. ಐದನೆಯ ದಿನವೋ ಆರನೆಯ ದಿನವೋ ನಾನು ಒಳಗೆ ಬಂದಾಗ ಕಿಟಕಿಯ ಪಕ್ಕ ಅವಳ ಚಾಪೆ ಹಾಸಿತ್ತು. ಅದರ ಮೇಲೆ ಒಂದು ಅಕ್ಷರದ ಹಲಗೆ. ಯಾರು ಹಾಸಿದ್ದೆಂದು ಕೇಳಿದರೆ ಯಾರೂ ಹೇಳಲಿಲ್ಲ. ಚಾಪೆ ಸುತ್ತಿಟ್ಟೆ. ಮರುದಿನ ಮತ್ತೆ ಹಾಸಿತ್ತು. ಅವಳ ಜೊತೆಗಾತಿಯೊಬ್ಬಳು, ಆರು ವರ್ಷದ ಪುಟ್ಟಿ, ಆ ಖಾಲಿ ಚಾಪೆಯ ಎದುರು ಕೂತು ಮೆಲ್ಲಗೆ ಮಾತಾಡುತ್ತಿತ್ತು. ನಡುನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡಂತೆ ತಲೆಯಾಡಿಸುತ್ತಿತ್ತು.

"ಯಾರ ಜೊತೆ ಮಾತಾಡ್ತಿದ್ದೀಯ?" ಎಂದೆ.

"ಅಕ್ಕನ್ ಜೊತೆ."

"ಅಕ್ಕ ಬಂದಿಲ್ಲವಲ್ಲ."

"ಬಂದವ್ಳೆ ಮಿಸ್," ಎಂದಿತು ಪುಟ್ಟಿ, ನನಗೇ ಕಣ್ಣು ಕಾಣುವುದಿಲ್ಲವೇನೋ ಎಂಬ ಹಾಗೆ. "ನಿಮ್ ಕೂಡೆ ಮಾತಾಡಕಿಲ್ವಂತೆ."

ನಾನು ಹೊರಗೆ ಹೋಗಿ ನಲ್ಲಿಯ ಬಳಿ ನಿಂತೆ. ಒಳಗೆ ಬಂದಾಗ ಬೆಂದ ಹುಳುವಿನ ವಾಸನೆ ಆ ಚಾಪೆಯ ಸುತ್ತ ಮಾತ್ರ ದಟ್ಟವಾಗಿತ್ತು. ಎದುರಿನ ಶೆಡ್ಡುಗಳಿಂದ ಗಾಳಿ ತಂದದ್ದಿರಬೇಕು. ಆದರೆ ಅಂದು ವಾರದ ರಜೆ, ಶೆಡ್ಡುಗಳ ಬಾಗಿಲು ಹಾಕಿತ್ತು. ಇದನ್ನು ನಾನು ಗಮನಿಕೆಯ ಪುಸ್ತಕದಲ್ಲಿ ಬರೆಯಲಿಲ್ಲ. ಪುಟ್ಟಿಯ ಮಾತನ್ನು ಮಾತ್ರ ಬರೆದು ಮೇಡಂಗೆ ಕಳಿಸಿದೆ. ಎಷ್ಟೋ ದಿನಗಳ ಮೇಲೆ ಅವರ ಉತ್ತರ ಬಂತು: ಮಕ್ಕಳ ಕಲ್ಪನಾಶಕ್ತಿ ಅರಳುತ್ತಿರುವುದಕ್ಕೆ ಅದು ಒಳ್ಳೆಯ ಗುರುತು, ತಡೆಯಬೇಡ.

ಹನ್ನೊಂದನೆಯ ದಿನ ಆ ಗಲ್ಲಿಗೆ ತಿರುಗಿದೆ. ಅವರ ಕೋಣೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವಳು ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. "ಓಗಿ ವಾರ ಮ್ಯಾಲಾತು. ಉಯ್ಯಂಬಳ್ಳಿ ತಾವ ಅವ್ರ ಅಜ್ಜಿ ಮನೆ ಐತೆ. ಮಗ ಓಗಾಕಿಲ್ಲ ಅಂತ ಈ ಬಾಗಿಲ ಹಿಡ್ಕಂಡಿತ್ತು ಕಣವ್ವ, ಕೈ ಬುಡಿಸಿ ಎಳ್ಕಂಡು ಓದ್ರು," ಎಂದಳು.

ಭಾನುವಾರ ನಾನು ಕನಕಪುರದಿಂದ ಉಯ್ಯಂಬಳ್ಳಿಯ ಬಸ್ಸು ಹತ್ತಿದೆ. ಮನೆಯಲ್ಲಿ ಸ್ನೇಹಿತೆಯನ್ನು ನೋಡಿ ಬರುತ್ತೇನೆ ಎಂದು ಹೇಳಿದ್ದೆ. ವಿಚಾರಿಸುತ್ತ ಹೋಗಿ ಒಂದು ಹೆಂಚಿನ ಮನೆ ಮುಟ್ಟಿದೆ. ಜಗಲಿಯ ಮೇಲೆ ಮುದುಕಿಯೊಬ್ಬಳು ಹುರುಳಿ ಕೇರುತ್ತಿದ್ದಳು. ನಾನು ರಾಮನಗರದ ಶಾಲೆಯವಳು ಎಂದೆ. ಮೊರ ನಿಂತಿತು.

"ನೀನೇನವ್ವಾ ಆ ಮಿಸ್ಸು?"

ಹೌದೆಂದೆ.

ಮುದುಕಿ ಮೊರ ಪಕ್ಕಕ್ಕಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು. "ಇಲ್ಲೇ ಕೂತಿರ್ತಿತ್ತು," ಎಂದು ಜಗಲಿಯ ಅಂಚನ್ನು ತಟ್ಟಿ ತೋರಿಸಿದಳು. "ಬಸ್ಸು ಬಂದ್ ಸದ್ದಾದ್ರೆ ಸಾಕು, ಎದ್ದು ನಿಂತ್ಕಳದು. ಮಿಸ್ ಬತ್ತಾರೆ, ಮಿಸ್ ಬತ್ತಾರೆ. ಉಣ್ಣಾಕೆ ಕರದ್ರೆ, ಒಸಿ ಇರಜ್ಜೀ, ಇನ್ನೊಂದ್ ಬಸ್ಸೈತೆ ಅನ್ನದು. ನಾನು ಅಂದೆ, ಇಸ್ಕೂಲ್ನೋರು ಇಲ್ಲೀಗಂಟ ಯಾಕ್ ಬಂದಾರು ಮಗಾ ಅಂತ. ನಮ್ ಮಿಸ್ ಬತ್ತಾರೆ ಕಣಜ್ಜಿ ಅಂತು."

"ಈಗ ಎಲ್ಲಿದ್ದಾಳೆ?"

"ಅವ್ರವ್ವ ಕೊಳ್ಳೇಗಾಲದ್ ಕಡೀಕೆ ಕರ್ಕಂಡು ಓದ್ಳು. ಅಲ್ಲೂ ರೇಸ್ಮೆ ಐತಲ್ಲ, ಕೆಲ್ಸ ಸಿಕ್ತದೆ ಅಂತ. ಸುಕ್ರವಾರ ಓದ್ರು."

ಶುಕ್ರವಾರ. ಅಂದರೆ ಎರಡು ದಿನದ ಹಿಂದೆ. ಕೊಳ್ಳೇಗಾಲದಲ್ಲಿ ಎಲ್ಲಿ ಎಂದು ಅಜ್ಜಿಗೆ ತಿಳಿಯದು. ಅವಳು ಕೊಟ್ಟ ಮಜ್ಜಿಗೆ ಕುಡಿದು, ಹುಡುಗಿ ಕೂತಿದ್ದ ಜಾಗದಲ್ಲಿ ನಾನೂ ಸ್ವಲ್ಪ ಹೊತ್ತು ಕೂತೆ. ಅಲ್ಲಿಂದ ರಸ್ತೆಯ ತಿರುವು ಕಾಣುತ್ತಿತ್ತು. ಸಂಜೆ ನಾಲ್ಕರ ಬಸ್ಸು ಆ ತಿರುವಿನಲ್ಲಿ ಬಂತು. ಕೊಳ್ಳೇಗಾಲಕ್ಕೆ ಹೋಗಿ ಶೆಡ್ಡು ಶೆಡ್ಡು ವಿಚಾರಿಸಬಹುದಿತ್ತು. ಮರುದಿನ ರಜೆ ಹಾಕಬಹುದಿತ್ತು. ನಾನು ಮನೆಗೆ ವಾಪಸು ಹೋಗುವ ಬಸ್ಸು ಹತ್ತಿದೆ.

ಮುಂದಿನ ವರ್ಷ ನನಗೆ ಸರ್ಕಾರಿ ಕೆಲಸವಾಯಿತು. ಆ ಶಾಲೆ ಇನ್ನೂ ನಾಲ್ಕೈದು ವರ್ಷ ನಡೆದು, ವಿದೇಶದವರ ಗಮನ ಬೇರೆ ಯಾವುದೋ ದೇಶದ ಕಡೆ ತಿರುಗಿದಾಗ ನಿಂತುಹೋಯಿತು. ಕಟ್ಟಡವನ್ನು ಯಾರೋ ರೇಷ್ಮೆಗೂಡು ತುಂಬುವ ಗೋದಾಮು ಮಾಡಿಕೊಂಡರು. ದುಂಡು ಗೋಡೆಗೆ ಚೀಲ ಒರಗಿಸಿ ಜೋಡಿಸಲಾಗುವುದಿಲ್ಲವೆಂದು ಒಡೆದು ಚೌಕ ಮಾಡಿಸಿದರೆಂದು ಖಾಲಾ ಹೇಳಿದಳು.

ನಾನು ಮರಳವಾಡಿಯ ಕಡೆಯ ಶಾಲೆಯೊಂದರಲ್ಲಿ ಬಹಳ ವರ್ಷ ಇದ್ದೆ. ಆಚೀಚೆ ರೇಷ್ಮೆಯ ಶೆಡ್ಡೊಂದೂ ಇಲ್ಲದ ಹಳ್ಳಿ. ಆದರೂ ಕೆಲವು ದಿನ ಪಾಠದ ನಡುವೆ ಆ ವಾಸನೆ ಬರುತ್ತಿತ್ತು. ಬಂದ ದಿನ ನಾನು ಮಾತು ನಿಲ್ಲಿಸಿ ಕಿಟಕಿ ಮುಚ್ಚುತ್ತಿದ್ದೆ, ಮುಚ್ಚಿದ ಮೇಲೆ ಹೆಚ್ಚಾಗುತ್ತಿತ್ತು. ಮಕ್ಕಳ ತಲೆ ಎಣಿಸಿದರೆ ಒಂದು ಹೆಚ್ಚು ಬರುತ್ತಿತ್ತು. ಮತ್ತೆ ಎಣಿಸಿದರೆ ಸರಿಯಾಗುತ್ತಿತ್ತು. "ಮೇಡಮ್ಮೋರೆ, ನಿಮ್ಗೆ ಲೆಕ್ಕ ಬರಾಕಿಲ್ವಾ?" ಎಂದು ನಮ್ಮ ಹೆಡ್‌ಮಾಸ್ಟರು ತಮಾಷೆ ಮಾಡುತ್ತಿದ್ದರು. ಮೇಜಿನ ಮೇಲೆ ತಲೆ ತಗ್ಗಿಸಿ ಬರೆಯುವಾಗ ಎದುರಿಗೆ ಯಾರೋ ಬಂದು ನಿಂತಂತಾದರೆ ಎರಡು ಪಾದ ಕಂಡಾವೆಂದು ಹೆದರುತ್ತಿದ್ದೆ. ಹಾಗಾಗಿ ನಿಂತುಕೊಂಡೇ ಬರೆಯುವ ಅಭ್ಯಾಸ ಮಾಡಿಕೊಂಡೆ. ಮಗುವೊಂದು ಒಂದು ದಿನ ತಪ್ಪಿಸಿದರೆ ಸಂಜೆಯೊಳಗೆ ಅದರ ಮನೆಯಲ್ಲಿರುತ್ತಿದ್ದೆ. ಊರವರು ಅದನ್ನು ನನ್ನ ಶ್ರದ್ಧೆ ಎಂದು ಹೊಗಳುತ್ತಿದ್ದರು. ನನ್ನ ಗಂಡನಿಗೂ ನಾನು ನಿಜ ಹೇಳಲಿಲ್ಲ.

ಅವಳು ಸತ್ತಿದ್ದಾಳೆ ಎಂದೇ ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಯಾರೂ ಹಾಗೆ ಹೇಳಿರಲಿಲ್ಲ.

ನಿವೃತ್ತಿಗೆ ಎರಡು ವರ್ಷವಿರುವಾಗ ಖಾಲಾ ತನ್ನ ಮೊಮ್ಮಗನ ಕೈಯಲ್ಲಿ ಫೋನು ಮಾಡಿಸಿದಳು. ಅವಳ ತಂಗಿಯ ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಟಿಫನ್ ಅಂಗಡಿಯೊಂದರಲ್ಲಿ ಒಬ್ಬ ಹೆಂಗಸು, "ಖಾಲಾ!" ಎಂದು ಕೂಗಿ ಓಡಿಬಂದು ಕೈ ಹಿಡಿದಳಂತೆ. "ನಗು ನೋಡಿ ಗೊತ್ತಾಯ್ತು," ಎಂದಳು ಖಾಲಾ. "ಅದೇ ಹುಡ್ಗಿ. ಹೋಗಮ್ಮಾ, ಈಗ್ಲಾದ್ರೂ ಹೋಗು."

ಬದುಕಿದ್ದಾಳೆ ಎಂದು ಕೇಳಿದಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ನನ್ನ ತರಗತಿಯಲ್ಲಿ ಕೂರುತ್ತಿದ್ದವಳು ಹಾಗಾದರೆ ಯಾರು?

ಎರಡು ವಾರ ತಡೆದು ಹೋದೆ. ಬೆಳಗಿನ ಗಿರಾಕಿಗಳ ಗಲಾಟೆ ಮುಗಿದು ಅವಳು ಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿದ್ದಳು. ತುಂಬಿದ ಮೈ, ನೆತ್ತಿಯ ಹತ್ತಿರ ನರೆಗೂದಲು. ಹೆಸರು ಹೇಳಿದೆ. ಚಾಕು ಕೆಳಗಿಟ್ಟಳು.

"ಅಯ್ಯೋ ಮಿಸ್ಸು! ಕನ್ನಡ್ಕ ಬಂದ್ಬುಟ್ಟೈತಲ್ಲ, ಗುರ್ತೇ ಸಿಗ್ನಿಲ್ಲ. ಬನ್ನಿ ಒಳೀಕೆ, ಬಿಸ್ಲು."

ಕಾಫಿ ಕೊಟ್ಟಳು. ತಾಯಿ ತೀರಿಹೋಗಿ ಆರು ವರ್ಷ. ಗಂಡ ಲಾರಿ ಓಡಿಸುತ್ತಾನೆ. ಮಗಳೊಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ಕೊಳ್ಳೇಗಾಲಕ್ಕೆ ಬಂದ ಮೇಲೆ ಮದುವೆಯ ತನಕ ಮತ್ತೆ ನೂಲು ಬಿಚ್ಚುವ ಕೆಲಸವೇ, ಶಾಲೆ ಇಲ್ಲ. ಇದನ್ನೆಲ್ಲ ಬೇರೆಯವರ ಸುದ್ದಿಯಂತೆ ಸಲೀಸಾಗಿ ಹೇಳಿದಳು. ಹೇಳಲು ಬಂದದ್ದನ್ನು ಹೇಳದೆ ಏಳಬಾರದೆಂದು ಬಾಯಿ ತೆರೆದೆ.

"ಆ ಶೆಡ್ಡಿನ ಹೆಸರನ್ನು ಮೇಡಂಗೆ ಹೇಳಿದ್ದು ನಾನು. ನೀನು ಬೇಡ ಅಂದರೂ ಹೇಳಿದೆ."

"ಗೊತ್ತಲ್ಲ," ಎಂದಳು ಅವಳು. "ನಾನು ಅಲ್ಲೇ ಇದ್ನಲ್ಲ."

"ನಿಮ್ಮ ಅವ್ವನಿಗೆ ಹೇಳಲಿಲ್ಲವಾ?"

"ಊಹೂಂ. ಅವ್ವ ಕೇಳಿ ಕೇಳಿ ಒಡೆದ್ಳು, ಯಾರು ಯೋಳ್ದೋರು ಅಂತ. ನಾನೇ ಯೋಳ್ದೆ ಅಂದ್ಬುಟ್ಟೆ."

"ಯಾಕೆ?"

ಅವಳು ಸಂಕೋಚದಿಂದ ನಕ್ಕಳು. ಆ ನಗು ಮಾತ್ರ ಹಾಗೇ ಇತ್ತು. "ನೀವು ಯೋಳಿದ್ದು ಅಂತ ಗೊತ್ತಾದ್ರೆ, ನೀವು ನನ್ನ ಕರಿಯಾಕೆ ಬಂದಾಗ ಅವ್ವ ನಿಮ್ಮುನ್ನ ಬಯ್ತಾಳೆ ಅಂತ."

ಅಂಗಡಿಗೆ ಯಾರೋ ಬಂದು ಎರಡು ಇಡ್ಲಿ ಕಟ್ಟಿಕೊಡು ಎಂದರು. ಅವಳು ಎದ್ದು ಕಟ್ಟಿಕೊಟ್ಟು, ಚಟ್ನಿ ಬೇರೆ ಹಾಕಿ, ಬಂದು ಮತ್ತೆ ಕೂತಳು. ನಾನು ಹೋಗಲಿಲ್ಲವೆಂಬುದನ್ನು, ಹತ್ತು ದಿನ ಆ ಗಲ್ಲಿ ದಾಟಿ ನಡೆದದ್ದನ್ನು, ಉಯ್ಯಂಬಳ್ಳಿಗೆ ಎರಡು ದಿನ ತಡವಾಗಿ ಮುಟ್ಟಿದ್ದನ್ನು ಹೇಳಿದೆ. ಉಯ್ಯಂಬಳ್ಳಿಯ ಮಾತು ಬಂದಾಗ ತಲೆ ಎತ್ತಿದಳು.

"ಬಂದಿದ್ರಾ? ಅಜ್ಜಿ ಯೋಳ್ಳೇ ಇಲ್ಲ." ಈರುಳ್ಳಿಯ ತಟ್ಟೆ ಎಳೆದುಕೊಂಡು ಹೆಚ್ಚತೊಡಗಿದಳು. ಆಮೇಲೆ, ಯಾವ ಸಿಟ್ಟೂ ಇಲ್ಲದೆ, ಅಳತೆ ಹೇಳುವವರಂತೆ ಅಂದಳು: "ಸುಕ್ರವಾರಕ್ಕೆ ಮುಂಚೆ ಬಂದಿದ್ರೆ ಬತ್ತಿದ್ದೆ ಮಿಸ್ಸು. ಅವ್ವ ಬುಡ್ತಿದ್ಳು. ನೀವು ಕರ್ಕಂಡೋದ್ರೆ ಬುಡ್ತೀನಿ ಅಂತ ಅಂದಿದ್ಳು."

ನನ್ನನ್ನು ಬಸ್ಸಿನ ತನಕ ಬಿಡಲು ಬಂದಳು. ಮತ್ತೆ ಬರುತ್ತೀರಾ ಎಂದು ಕೇಳಿದಳು, ಬರುತ್ತೇನೆ ಎಂದೆ. ಹೋಗುತ್ತಲೂ ಇದ್ದೇನೆ, ಎರಡು ಮೂರು ತಿಂಗಳಿಗೊಮ್ಮೆ. ಅವಳ ಮಗಳ ಪರೀಕ್ಷೆ, ತೆಂಗಿನಕಾಯಿಯ ಬೆಲೆ, ನನ್ನ ಮಂಡಿನೋವು ಇವೆಲ್ಲ ನಮ್ಮ ಮಾತಿಗೆ ಬರುತ್ತವೆ. ಶಾಲೆಯ ಸುದ್ದಿ ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಒಮ್ಮೆ ನನ್ನನ್ನು ಅಕ್ಕಪಕ್ಕದ ಅಂಗಡಿಯವರಿಗೆ, "ನಮ್ ಮಿಸ್ಸು," ಎಂದು ಪರಿಚಯ ಮಾಡಿಸಿದಳು.

ಇದರಿಂದ ನನ್ನ ಭಾರ ಇಳಿಯುತ್ತದೆ ಎಂದು ಖಾಲಾ ಅಂದಿದ್ದಳು, ನಾನೂ ನಂಬಿದ್ದೆ. ಆದರೆ ಕೊಳ್ಳೇಗಾಲದ ಈ ಹೆಂಗಸು ನನ್ನನ್ನು ಕ್ಷಮಿಸಿದ್ದಾಳೆಯೋ, ಮರೆತಿದ್ದಾಳೆಯೋ, ಬದುಕಿನ ಉಳಿದ ಕಷ್ಟಗಳ ನಡುವೆ ಇದನ್ನು ಲೆಕ್ಕಕ್ಕೇ ಹಿಡಿದಿಲ್ಲವೋ, ಅದು ಅವಳಿಗೆ ಬಿಟ್ಟದ್ದು. ಉಯ್ಯಂಬಳ್ಳಿಯ ಜಗಲಿಯ ಮೇಲಿನ ಹುಡುಗಿ ಬೇರೆ. ಅವಳಿಗೆ ಒಂಬತ್ತೇ ವರ್ಷ. ಹೊರಗೆ ಬಸ್ಸಿನ ಸದ್ದಾದರೆ ಅವಳು ಎದ್ದು ನಿಲ್ಲುತ್ತಾಳೆ. ಇವರಿಬ್ಬರೂ ಒಬ್ಬಳೇ ಎಂದು ಎಷ್ಟು ಹೇಳಿಕೊಂಡರೂ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.